ಬೀಗರೂಟದ ದಿನ ದಾಟಿದ ಆನೆಗಳು

ಅರಣ್ಯ ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ಈಗಲೂ ಆಗಾಗ ಉದ್ದನಪಲ್ಲಿಯ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾರೆ, ಗೋಡೆಯ ಮೇಲಿರುವ ಖಾಕಿ ಬಟ್ಟೆಯ ನನ್ನ ಫೋಟೊ ನೋಡುತ್ತಾರೆ, ಆಮೇಲೆ ಮೆಲ್ಲಗೆ, ಆನೆ ಎದುರಿಗೆ ಬಂದುಬಿಟ್ಟರೆ ಏನು ಮಾಡಬೇಕು ಸಾರ್ ಎಂದು ಕೇಳುತ್ತಾರೆ. ಓಡಬೇಕು ಕಣಪ್ಪ, ಇನ್ನೇನು ಕೈ ಕುಲುಕುತ್ತೀಯಾ ಅನ್ನುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ಇಡೀ ಸರ್ವಿಸನ್ನು ಕಾಡಿನಂಚಿನಲ್ಲಿ ಸವೆಸಿದ ಮನುಷ್ಯ ಏನೋ ದೊಡ್ಡ ಗುಟ್ಟು ಹೇಳುತ್ತಾನೆ ಎಂದು ಬಂದಿರುತ್ತಾರೆ ಪಾಪ.

ಗುಟ್ಟು ಇದೆ. ಆದರೆ ಅವರು ಪ್ರಶ್ನೆಯನ್ನೇ ತಪ್ಪು ಕೇಳುತ್ತಾರೆ. ಆನೆ ಬಂದರೆ ಏನು ಮಾಡಬಾರದು ಎಂದು ಕೇಳಬೇಕು. ಅದು ನನಗೆ ತಿಳಿಯುವ ಹೊತ್ತಿಗೆ ತಲೆ ನರೆತಿತ್ತು, ಮಂಡಿ ಸವೆದಿತ್ತು. ತಿಳಿಸಿದ್ದು ಇಲಾಖೆಯ ತರಬೇತಿ ಶಿಬಿರವಲ್ಲ, ಒಂದು ಬಾಡೂಟ. ಆ ಕಥೆಯನ್ನು ಬರೆದಿಡು ಎಂದು ಹೆಂಡತಿ ದಿನಾ ಕಾಟ ಕೊಡುತ್ತಿದ್ದಾಳೆ. ನಾನು ಬರೆಯಲು ಕೂತರೆ ಅವಳ ಸೀರಿಯಲ್ಲಿಗೆ ಅಡ್ಡ ಬರುವುದಿಲ್ಲ, ಅದೂ ಒಂದು ಕಾರಣ. ಇನ್ನು ನಾನು ವಾಚರನಾಗಿ ಸೇರಿದೆ, ಫಾರೆಸ್ಟರಾಗಿ ಮನೆಗೆ ಬಂದೆ. ನಡುವೆ ಯಾವಾಗ ಯಾವ ಬಡ್ತಿ ಸಿಕ್ಕಿತು ಎಂಬುದು ಅವಳಿಗೂ ನೆನಪಿಲ್ಲ, ಆದ್ದರಿಂದ ನಿಮಗೂ ಬೇಡ.

ನಾನು ಹೆಚ್ಚು ಕಾಲ ಇದ್ದದ್ದು ತಮಿಳುನಾಡಿನ ಗಡಿಯಲ್ಲಿರುವ ತಳಿ ಎಂಬ ಊರಿನ ಕಡೆ. ಮೇಲೆ ತಂಪು, ಕೆಳಗೆ ಕೋಸು, ಟೊಮೇಟೊ, ಸೇವಂತಿಗೆ, ಕಾಡಿನ ಅಂಚಿನುದ್ದಕ್ಕೂ ರಾಗಿ. ಮನುಷ್ಯರಿಗೆ ಎಷ್ಟು ಇಷ್ಟವೋ ಆನೆಗಳಿಗೂ ರಾಗಿ ಅಷ್ಟೇ ಇಷ್ಟ. ನಮ್ಮ ಇಲಾಖೆಯ ಸಕಲ ಕಷ್ಟಕ್ಕೂ ಕಾರಣ ಇದೊಂದೇ.

ನಾನು ಸೇರಿದಾಗ ನಮ್ಮ ಆಯುಧ ಅಂದರೆ ತಮಟೆ, ಡಬ್ಬ, ಗಂಟಲು. ಆಮೇಲೆ ಪಟಾಕಿ ಬಂತು. ಪಟಾಕಿಯ ಹಿಂದೆಯೇ ತರಹೇವಾರಿ ಸಾಹೇಬರು ಬಂದರು. ಒಬ್ಬೊಬ್ಬ ಸಾಹೇಬರ ಜೊತೆಗೂ ಒಂದೊಂದು ಹೊಸ ವಿದ್ಯೆ. ಒಬ್ಬರು ಸಗಣಿಗೆ ಮೆಣಸಿನಪುಡಿ ಕಲಸಿ ಬೆರಣಿ ತಟ್ಟಿಸಿ ಹೊಲದ ಅಂಚಿನಲ್ಲಿ ಸುಡಿಸಿದರು. ಆ ಘಾಟಿಗೆ ಆನೆ ಹತ್ತಿರ ಬರುವುದಿಲ್ಲವಂತೆ. ಇರಬಹುದು. ಆದರೆ ಇಲಾಖೆಯ ಆದೇಶ ಗಾಳಿಗೆ ತಲುಪಿರಲಿಲ್ಲ. ಹೊಗೆ ತಿರುಗಿ ನಮ್ಮ ಮೇಲೆಯೇ ಬಂತು. ಸಾಹೇಬರು, ಜೀಪಿನ ಡ್ರೈವರು, ನಾನು, ಮೂವರೂ ಕೆಮ್ಮುತ್ತ, ಮೂಗು ಒರೆಸುತ್ತ ಟೊಮೇಟೊ ತೋಟದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆವು. ಆನೆಗಳು ಇನ್ನೊಂದು ಬದಿಯಿಂದ ಬಂದು ನೆಮ್ಮದಿಯಾಗಿ ತಿಂದು ಹೋದವು. ಅಷ್ಟೊಂದು ಮೆಣಸಿನಪುಡಿ ದಂಡ ಮಾಡಿದಿರಲ್ಲ ಎಂದು ಊರಿನ ಹೆಂಗಸರು ಬಹಳ ದಿನ ನಮ್ಮನ್ನು ಬೈದರು.

ಇನ್ನೊಬ್ಬರು ಸ್ಪೀಕರಿನಲ್ಲಿ ಹುಲಿಯ ಗರ್ಜನೆ ಹಾಕಿಸಿದರು. ಊರಿನ ನಾಯಿಗಳೆಲ್ಲ ಮನೆಯೊಳಗೆ ನುಗ್ಗಿ ಮಂಚದ ಕೆಳಗೆ ಸೇರಿದವು. ಹಸುಗಳು ಹಗ್ಗ ಕಿತ್ತವು. ಒಂದು ಒಂಟಿ ಸಲಗ ಮಾತ್ರ ಬಂದು, ಯಾರಪ್ಪ ಇದು ಎಂಬಂತೆ ನಿಂತು ಕೇಳಿ, ಸ್ಪೀಕರನ್ನು ಎಳೆದು ಕೆಡವಿ ತುಳಿದುಹಾಕಿತು. ಆ ಗರ್ಜನೆ ಕೇಳಿ ಕೇಳಿ ನನಗೂ ತಲೆ ಚಿಟ್ಟು ಹಿಡಿದಿತ್ತು, ಹಾಗಾಗಿ ಸಲಗದ ಮೇಲೆ ನನಗೇನೂ ಸಿಟ್ಟು ಬರಲಿಲ್ಲ. ಮೂರನೆಯವರು ಬೇಲಿಯುದ್ದಕ್ಕೂ ಜೇನುಪೆಟ್ಟಿಗೆ ನೇತುಹಾಕಿಸಿದರು. ಆನೆಗೆ ಜೇನುಹುಳು ಕಂಡರೆ ಭಯವಂತೆ. ಪೆಟ್ಟಿಗೆಯ ಜೇನನ್ನು ಬರಿದು ಮಾಡಿದವರು ನಮ್ಮ ವಾಚರುಗಳೇ. ಕರಡಿ ತಿಂದಿತು ಎಂದು ವರದಿ ಹೋಯಿತು.

ನನ್ನ ಸರ್ವಿಸಿನ ಕೊನೆಗೆ ಬಂದ ರೇಂಜರ್ ಸಾಹೇಬರು ಚಿಕ್ಕ ವಯಸ್ಸಿನವರು, ತಮಿಳುನಾಡಿನ ತೆಂಕಣದ ಕಡೆಯವರು, ಒಳ್ಳೆಯ ಮನುಷ್ಯ. ಅವರ ವಿದ್ಯೆಯ ಹೆಸರು ಸಮುದಾಯ ಸಹಭಾಗಿತ್ವ. ಅಂದರೆ ಇಷ್ಟು ದಿನ ನಾವೊಬ್ಬರೇ ಪಡುತ್ತಿದ್ದ ಪಾಡನ್ನು ಇನ್ನು ಮುಂದೆ ಊರವರೂ ಸೇರಿ ಪಡುವುದು. ಹಳ್ಳಿ ಹಳ್ಳಿಯಲ್ಲಿ ಕಮಿಟಿ ಮಾಡಿದರು. ಮೀಟಿಂಗಿನಲ್ಲಿ ಅವರು ತಮಿಳಿನಲ್ಲಿ ಅರ್ಧ ಗಂಟೆ ಮಾತಾಡಿದರೆ ನಾನು ಎದ್ದು ನಿಂತು ಕನ್ನಡದಲ್ಲಿ, ಹೊಲಕ್ಕೆ ಕರೆಂಟು ತಂತಿ ಹಾಕಬೇಡಿ, ಆನೆ ಬಂದರೆ ಫೋನ್ ಮಾಡಿ, ಅನ್ನುತ್ತಿದ್ದೆ. ಊರವರಿಗೆ ತಮಿಳು ಚೆನ್ನಾಗಿಯೇ ಬರುತ್ತಿತ್ತು. ಆದರೂ ನನ್ನ ಅನುವಾದಕ್ಕೆ ಕಾದು ಕೂತಿರುತ್ತಿದ್ದರು, ಅದು ಚಿಕ್ಕದಾಗಿರುತ್ತಿತ್ತು ಎಂಬ ಕಾರಣಕ್ಕೆ. ವಾಟ್ಸಾಪ್ ಗುಂಪೂ ಆಯಿತು. ಬೆಳಗಾದರೆ ಶುಭೋದಯ, ದೇವರ ಫೋಟೊ, ಕರು ಹಾಕಿದ ಹಸು ಮಾರಾಟಕ್ಕಿದೆ, ಮತ್ತೆ ದೇವರ ಫೋಟೊ. ಇವುಗಳ ನಡುವೆ ಯಾರಾದರೂ 'ಆನೆ ಬಂದಿದೆ' ಎಂದು ಹಾಕಿದರೆ ಹತ್ತು ಜನ ಅದಕ್ಕೂ ಕೈ ಮುಗಿಯುವ ಚಿತ್ರ ಹಾಕುತ್ತಿದ್ದರು.

ಇನ್ನು ನಮ್ಮ ಮುಖ್ಯ ಕೆಲಸದ ವಿಷಯ. ಗುಮ್ಮಳಾಪುರ ದಾಟಿ ಸ್ವಲ್ಪ ಮುಂದೆ ಹೋದರೆ ತಮಿಳುನಾಡು ಮುಗಿದು ಕರ್ನಾಟಕ ಶುರುವಾಗುತ್ತದೆ. ಅಲ್ಲೊಂದು ಗಡಿಕಲ್ಲು ಇದೆ, ಅದರ ಮೇಲೆ ಯಾವಾಗಲೂ ಯಾರದೋ ಟವೆಲು ಒಣಗುತ್ತಿರುತ್ತದೆ. ರಾಗಿ ತೆನೆ ಬಲಿಯುವ ಹೊತ್ತಿಗೆ ಹಿಂಡು ಆ ಕಡೆಯಿಂದ ಈ ಕಡೆಗೆ ಬರುತ್ತದೆ, ಒಂದಷ್ಟು ದಿನ ಇದ್ದು ಮತ್ತೆ ಆ ಕಡೆಗೆ ಹೋಗುತ್ತದೆ. ಅವುಗಳ ಅಜ್ಜಿ ಮುತ್ತಜ್ಜಿಯರ ಕಾಲದಿಂದಲೂ ಹೀಗೇ. ಆದರೆ ಇಲಾಖೆ ಅಂದ ಮೇಲೆ ಕೈಕಟ್ಟಿ ಕೂರಲಾಗುತ್ತದೆಯೇ? ಈ ಕಡೆ ಬಂದವನ್ನು ನಾವು ಪಟಾಕಿ ಹೊಡೆದು ಆ ಕಡೆಗೆ ಓಡಿಸುತ್ತಿದ್ದೆವು. ಆ ಕಡೆಯ ಸಿಬ್ಬಂದಿ ಪಟಾಕಿ ಹಿಡಿದು ಕಾದಿದ್ದು ಈ ಕಡೆಗೆ ಓಡಿಸುತ್ತಿದ್ದರು. ಆನೆಗಳನ್ನು ಯಶಸ್ವಿಯಾಗಿ ನೆರೆರಾಜ್ಯಕ್ಕೆ ಕಳುಹಿಸಲಾಯಿತು ಎಂದು ನಾವು ತಮಿಳಿನಲ್ಲಿ ಬರೆದದ್ದನ್ನೇ ಅವರು ಕನ್ನಡದಲ್ಲಿ ಬರೆಯುತ್ತಿದ್ದರು. ಎರಡೂ ಆಫೀಸಿನಲ್ಲಿ ಸಾಹೇಬರು ಖುಷಿಯಾಗಿದ್ದರು. ಆನೆಗಳು ಮಾತ್ರ ಓಡಿ ಓಡಿ ಸುಸ್ತಾಗಿ, ಸಿಟ್ಟಿಗೆದ್ದು, ಕಂಡದ್ದನ್ನು ತುಳಿಯುತ್ತಿದ್ದವು.

ಆ ಕಡೆಯ ಸಿಬ್ಬಂದಿಯ ಮುಂದಾಳು ಕೆಂಪಣ್ಣ. ಕರ್ನಾಟಕದ ಅರಣ್ಯ ಇಲಾಖೆಯಲ್ಲಿ ಗಾರ್ಡು, ನನ್ನ ಹೆಂಡತಿಯ ಸ್ವಂತ ತಮ್ಮ. ಸಂಜೆ ಗಡಿಯಲ್ಲಿ ಅವನು ನನ್ನ ಕಡೆಗೆ ಆನೆ ಓಡಿಸುತ್ತಿದ್ದ, ಬೆಳಿಗ್ಗೆ ನಮ್ಮ ಮನೆಗೆ ಬಂದು ಅಕ್ಕನ ಕೈಯ ಇಡ್ಲಿ ತಿನ್ನುತ್ತಿದ್ದ. ನಾನು ಅವನ ಕಡೆಗೆ ಓಡಿಸಿದ ದಿನ ಮಾತ್ರ ನನ್ನ ಹೆಂಡತಿ, ನನ್ನ ತಮ್ಮನ ನಿದ್ದೆ ಕೆಡಿಸುವುದಕ್ಕೆ ನಿಮಗೆ ಸರ್ಕಾರ ಸಂಬಳ ಕೊಡುತ್ತದಾ ಎಂದು ಜಗಳಕ್ಕೆ ನಿಲ್ಲುತ್ತಿದ್ದಳು. ನಿನ್ನ ತಮ್ಮನಿಗೂ ಅದಕ್ಕೇ ಕೊಡುವುದು ಎಂದರೆ ಕೇಳುತ್ತಿರಲಿಲ್ಲ.

ಈ ಎರಡು ಪಟಾಕಿಗಳ ನಡುವೆ ಸಿಕ್ಕಿ ನಲುಗುತ್ತಿದ್ದದ್ದು ಗೌರಮ್ಮನ ಹೊಲ. ದಿಬ್ಬದ ಮೇಲೆ ಅವಳ ಮನೆ, ಕೆಳಗೆ ಇಳಿಜಾರಿನಲ್ಲಿ ರಾಗಿ, ಹೊಲದ ಒಂದು ಪಕ್ಕಕ್ಕೆ ನೀಲಗಿರಿ ತೋಪು, ಇನ್ನೊಂದು ಪಕ್ಕಕ್ಕೆ ಕರ್ನಾಟಕ. ನಾವು ಓಡಿಸಿದರೂ ಆನೆಗಳು ಅಲ್ಲೇ ನುಗ್ಗಬೇಕು, ಅವರು ಓಡಿಸಿದರೂ ಅಲ್ಲೇ. ಗೌರಮ್ಮ ಗಟ್ಟಿ ಹೆಂಗಸು. ಬೈಯಲು ನಿಂತರೆ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಬೈಯುತ್ತಿದ್ದಳು, ಯಾವುದರಲ್ಲೂ ತಡವರಿಸುತ್ತಿರಲಿಲ್ಲ. ಅವಳ ಗಂಡ ನಂಜಪ್ಪ ಬಾಯಿಬಿಡದ ಆಸಾಮಿ. ಅವನು ಬೈಯುವುದರ ಬದಲು ತಂತಿ ಎಳೆಯುತ್ತಿದ್ದ. ಹಿಂದಿನ ಸುಗ್ಗಿಯಲ್ಲಿ ಒಮ್ಮೆ ಹೊಲದ ಸುತ್ತ ತಂತಿ ಕಟ್ಟಿ ಕಂಬದ ಲೈನಿಗೆ ಕೊಕ್ಕೆ ಹಾಕಿದ್ದನ್ನು ನಾನೇ ನೋಡಿ ಬಿಚ್ಚಿಸಿದ್ದೆ. ಆನೆ ಸತ್ತರೆ ಜೈಲು ಕಣಯ್ಯ ಎಂದು ಅವನಿಗೆ ಹೇಳಿದರೆ, ರಾಗಿ ಹೋದರೆ ಏನು ತಿನ್ನೋದು ಎಂದು ಗೌರಮ್ಮ ಕೇಳಿದಳು. ಎರಡೂ ನಿಜ. ಆ ಹೊಲವೇ ಅವರ ವರ್ಷದ ಮುದ್ದೆ. ಕಮಿಟಿಗೆ ಅವಳನ್ನೇ ಸೇರಿಸಿದೆವು, ಅಷ್ಟು ಬೈಯುವವಳು ಹೊರಗಿರುವುದಕ್ಕಿಂತ ಒಳಗಿದ್ದರೆ ಒಳ್ಳೆಯದು ಎಂದು.

ಹೀಗಿರುವಾಗ ಗೌರಮ್ಮನ ಮಗಳು ಮಂಜುಳಳಿಗೂ ಕೆಂಪಣ್ಣನ ಮಗನಿಗೂ ಸಂಬಂಧ ಕೂಡಿಬಂತು. ಕೂಡಿಸಿದವನು ನಾನೇ. ಇನ್ನೇನು ಧನುರ್ಮಾಸ ಹುಟ್ಟಿಬಿಡುತ್ತದೆ, ಅಷ್ಟರೊಳಗೆ ಮದುವೆ ಆಗಬೇಕು ಎಂದು ಎರಡೂ ಕಡೆಯವರಿಗೆ ಆತುರ. ಊರೆಲ್ಲ ರಾಗಿ ಕೊಯ್ದು ಮೆದೆ ಹಾಕುತ್ತಿದ್ದರೆ ಗೌರಮ್ಮನ ಮನೆಯವರು ಬಟ್ಟೆ, ಪಾತ್ರೆ, ಚಪ್ಪರ ಎಂದು ಓಡಾಡುತ್ತಿದ್ದರು. ಅವಳ ರಾಗಿ ಒಂದೇ ಬಲಿತ ತೆನೆ ಹೊತ್ತು ಹೊಲದಲ್ಲಿ ನಿಂತಿತ್ತು. ಹಿಂಡು ಅಷ್ಟರಲ್ಲಿ ಬಂದು ತೋಪಿನ ಒಳಗೆ ಸೇರಿಕೊಂಡಿತ್ತು.

ಮದುವೆ ಸಾಂಗವಾಗಿ ಆಯಿತು. ಮೆರವಣಿಗೆಯಲ್ಲಿ ಅಂಥ ಪಟಾಕಿಯನ್ನು ಆ ಸೀಮೆಯಲ್ಲಿ ಯಾರೂ ಹೊಡೆದಿರಲಿಲ್ಲ. ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ನಮ್ಮ ವಾಚರುಗಳು ಆನೆ ಓಡಿಸುವ ಪಟಾಕಿಯನ್ನು ಮೂಟೆಯಲ್ಲಿ ತಂದಿದ್ದರು, ಕರ್ನಾಟಕದವರ ಹತ್ತಿರ ಸ್ಟಾಕ್ ಇದೆಯಲ್ಲ ಎಂಬ ಧೈರ್ಯದ ಮೇಲೆ. ಕೆಂಪಣ್ಣನ ಹುಡುಗರೂ ಅವರದನ್ನು ತಂದಿದ್ದರು, ತಮಿಳುನಾಡಿನವರ ಹತ್ತಿರ ಇದೆಯಲ್ಲ ಎಂದು. ಎರಡು ರಾಜ್ಯ ಸೇರಿ ಮಾಡಿದ ಮೊದಲ ಕಾರ್ಯಾಚರಣೆ ಅದೇ ಇರಬೇಕು.

ಮದುವೆಯಾಗಿ ಎರಡು ದಿನಕ್ಕೆ ಬೀಗರೂಟ. ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಕರೆದು ಹಾಕುವ ಬಾಡೂಟ ಅದು. ಊಟ ಮುಗಿಸಿ ಅವರು ಹುಡುಗಿಯನ್ನು ಕರೆದುಕೊಂಡು ಹೊರಡಬೇಕು. ಆ ಊಟದಲ್ಲಿ ಒಂದು ಕೊರತೆ ಬಂದರೆ ಮೂರು ತಲೆಮಾರು ಅದನ್ನೇ ಆಡಿಕೊಳ್ಳುತ್ತಾರೆ. ಕೆಂಪಣ್ಣ ಬೀಗ, ಅವನ ಹುಡುಗರೆಲ್ಲ ಬೀಗರ ಕಡೆಯವರು. ನಾನು ಸಂಬಂಧ ಕೂಡಿಸಿದವನು, ನನ್ನ ವಾಚರುಗಳು ಹೆಣ್ಣಿನ ಕಡೆಯ ನೆಂಟರು. ಆನೆ ಕಾಯಬೇಕಾದ ಒಬ್ಬನೇ ಒಬ್ಬನೂ ಆ ದಿನ ಆನೆ ಕಾಯುತ್ತಿರಲಿಲ್ಲ.

ಮಧ್ಯಾಹ್ನದ ಊಟ ಎಂದಿದ್ದರು. ಮಟನ್ ಬೇಯಲಿಲ್ಲ, ಸೌದೆ ಹಸಿ, ಅಡುಗೆಯವನಿಗೆ ಕೋಪ ಬಂತು, ಹೀಗೆಲ್ಲ ಆಗಿ ಎಲೆ ಹಾಕುವಾಗ ಹೊತ್ತು ಇಳಿದಿತ್ತು. ಎಲ್ಲರಿಗೂ ಹೊಟ್ಟೆ ಚುರುಗುಟ್ಟುತ್ತಿತ್ತು. ಮುದ್ದೆ ಬಂತು, ಸಾರು ಬಂತು. ಎರಡು ತುತ್ತು ಒಳಗೆ ಹೋಗಿರಬೇಕು, ಚಪ್ಪರದ ಹಿಂದಕ್ಕೆ ಒಂದಕ್ಕೆ ಹೋಗಿದ್ದ ಕೆಂಪಣ್ಣನ ಷಡ್ಡಕ ಪಂಚೆ ಹಿಡಿದುಕೊಂಡು ಓಡಿ ಬಂದ. ಹಿಂಡು ತೋಪು ಬಿಟ್ಟು ಹೊರಟಿತ್ತು.

ಎಲ್ಲರೂ ಎದ್ದುಬಿಟ್ಟರು. ಎಂಜಲು ಕೈಯಲ್ಲೇ ದಿಬ್ಬದ ಅಂಚಿಗೆ ಹೋಗಿ ನಿಂತರು. ನೋಡಿದರೆ ದೊಡ್ಡ ಹೆಣ್ಣಾನೆ ಮುಂದೆ, ಹಿಂದೆ ಉಳಿದವು, ಮಧ್ಯದಲ್ಲಿ ಎರಡು ಮರಿ, ಸೀದಾ ಹೊಲದ ಕಡೆಗೆ ನಡೆದು ಬರುತ್ತಿವೆ. ಪಟಾಕಿ ತೆಗೀರಲಾ ಎಂದು ಕೆಂಪಣ್ಣ ಕೂಗಿದ. ಅವನ ಹುಡುಗರು ನಮ್ಮ ಹುಡುಗರ ಮುಖ ನೋಡಿದರು. ನಮ್ಮವರು ಅವರ ಮುಖ ನೋಡಿದರು. ಎರಡು ರಾಜ್ಯದ ನಡುವೆ ಒಂದು ಆನೆಪಟಾಕಿಯೂ ಇರಲಿಲ್ಲ. ಯಾರೋ ಒಬ್ಬ ಅನ್ನದ ತಪ್ಪಲೆ ಬಡಿಯಲು ಹೋದ, ಅಡುಗೆಯವನು ಅವನ ಕೈ ಹಿಡಿದ.

ನಾನು ಆಗ ಗೌರಮ್ಮನ ಕಡೆ ನೋಡಿದೆ, ಮೂರು ಭಾಷೆಯ ಬೈಗುಳಕ್ಕೆ ಸಿದ್ಧನಾಗಿ. ಅವಳು ಆನೆಗಳನ್ನು ನೋಡುತ್ತಲೇ ಇರಲಿಲ್ಲ. ಹೊಲದ ಮೂಲೆಯ ವಿದ್ಯುತ್ ಕಂಬವನ್ನು ನೋಡುತ್ತಿದ್ದಳು. ಆಮೇಲೆ ಗಂಡನನ್ನು ನೋಡಿದಳು. ನಂಜಪ್ಪ ತಲೆ ತಗ್ಗಿಸಿದ. ಎಲ್ಲರೂ ಊಟಕ್ಕೆ ಕೂತಾಗ ಹೊಲ ಕಾಯುವವರಿಲ್ಲ ಎಂದು ಆ ಮನುಷ್ಯ ಬೆಳಿಗ್ಗೆಯೇ ತಂತಿ ಕಟ್ಟಿ ಕೊಕ್ಕೆ ಹಾಕಿ ಬಂದಿದ್ದ. ಅಳಿಯನ ಅಪ್ಪ ಫಾರೆಸ್ಟ್ ಗಾರ್ಡು, ಪಕ್ಕದಲ್ಲಿ ಕೂತು ಉಣ್ಣುತ್ತಿರುವವನು ಫಾರೆಸ್ಟರು, ಹೊಲದಲ್ಲಿ ಕರೆಂಟು.

ಗೌರಮ್ಮ ಕೈಯಲ್ಲಿದ್ದ ಸೌಟು ಎಸೆದು ಇಳಿಜಾರಿನಲ್ಲಿ ಓಡಿದಳು. ರೇಷ್ಮೆ ಸೀರೆ, ಕೈ ತುಂಬ ಬಳೆ, ಬರಿಗಾಲು. ನಾನೂ ಹಿಂದೆ ಓಡಿದೆ. ಹಸಿದ ಹೊಟ್ಟೆಯಾದ್ದರಿಂದ ಓಡಲು ಆಯಿತು, ಅದೊಂದು ಪುಣ್ಯ. ಬೇಲಿಯ ಮಗ್ಗುಲಲ್ಲಿ ಒಣ ಬಿದಿರು ಬಿದ್ದಿತ್ತು. ಅದನ್ನು ಎತ್ತಿ ಅವಳು ಕಂಬದ ಮೇಲಿನ ಕೊಕ್ಕೆಗೆ ಬೀಸಿದಳು. ತಗುಲಲಿಲ್ಲ. ಮತ್ತೆ ಬೀಸಿದಳು. ಆಚೆ ಹೆಣ್ಣಾನೆ ತಂತಿಯಿಂದ ಒಂದು ಚಪ್ಪರದಷ್ಟು ದೂರದಲ್ಲಿ ನಿಂತು ಸೊಂಡಿಲೆತ್ತಿ ಗಾಳಿ ಹಿಡಿಯುತ್ತಿತ್ತು. ಮರಿಯೊಂದು ಅದರ ಕಾಲ ಸಂದಿಯಿಂದ ಮುಂದಕ್ಕೆ ಬಂತು. ಈಗಲೂ ಹೇಳುತ್ತೇನೆ, ಹೆದರಿದ್ದೆ, ಆನೆಗೂ ಹೆದರಿದ್ದೆ, ಮರಿ ಸಾಯುತ್ತದೆ ಎಂದೂ ಹೆದರಿದ್ದೆ. ಮೂರನೆಯ ಏಟಿಗೆ ಕೊಕ್ಕೆ ಕಳಚಿ ಬಿತ್ತು. ಗೌರಮ್ಮ ಬಿದಿರು ಹಿಡಿದುಕೊಂಡೇ ಹಿಂದೆ ಹಿಂದೆ ಸರಿದು ಬಂದು ನನ್ನ ಪಕ್ಕ ಬದುವಿನ ಮೇಲೆ ಕುಸಿದು ಕೂತಳು.

ಆಮೇಲೆ ನಡೆದದ್ದು ಏನೂ ಇಲ್ಲ. ಅದನ್ನೇ ನಾನು ನಿಮಗೆ ಹೇಳಬೇಕಾಗಿರುವುದು. ಯಾರೂ ಕೂಗಲಿಲ್ಲ, ಯಾರೂ ಏನೂ ಸಿಡಿಸಲಿಲ್ಲ. ಮರಿ ಸತ್ತ ತಂತಿಯನ್ನು ತುಳಿದು ಹೊಲಕ್ಕೆ ಬಂತು. ಹಿಂಡು ಹೊಲದ ಅಂಚು ಹಿಡಿದು ನಡೆಯಿತು. ನಡೆಯುತ್ತಲೇ ಅಲ್ಲೊಂದು ಇಲ್ಲೊಂದು ಹಿಡಿ ತೆನೆ ಎಳೆದು ಬಾಯಿಗೆ ಹಾಕಿಕೊಂಡವು. ಚಿಕ್ಕ ಮರಿ ಬದುವಿನಿಂದ ಕುಂಡಿ ಊರಿ ಜಾರಿ ಇಳಿಯಿತು. ದಿಬ್ಬದ ಮೇಲಿನಿಂದ ಯಾರೋ ಹೆಂಗಸು ನಕ್ಕಳು. ಹಾಗೇ ಅವು ಆಚೆ ಬದಿಗೆ ಹೋಗಿ, ಗಡಿಕಲ್ಲಿನ ಪಕ್ಕದಿಂದ, ಮೇಲೆ ಒಣಗುತ್ತಿದ್ದ ಟವೆಲನ್ನೂ ಮುಟ್ಟದೆ ಕರ್ನಾಟಕಕ್ಕೆ ಹೋದವು. ನಾವು ಓಡಿಸಿದ ಸಂಜೆಗಳಲ್ಲಿ ಅದೇ ಹಿಂಡು ಅದೇ ಹೊಲವನ್ನು ಅಡ್ಡಡ್ಡ ಉದ್ದುದ್ದ ಉತ್ತು ಹೋದದ್ದನ್ನು ನಾನೇ ಎಷ್ಟೋ ಸಲ ನೋಡಿದ್ದೆ. ಆ ದಿನ ಹೋಗಿದ್ದು ಅಂಚಿನ ಒಂದು ಪಟ್ಟಿ ಮಾತ್ರ.

ಅಭ್ಯಾಸಬಲ ನೋಡಿ, ಕೆಂಪಣ್ಣ ದಿಬ್ಬದಿಂದ ಇಳಿದು ಬಂದವನೇ, ಭಾವ ನಮ್ಮ ಕಡೆ ಬಂದುಬಿಟ್ಟವಲ್ಲ ಎಂದು ತಲೆ ಕೆರೆದುಕೊಂಡ. ಬೇಕಾದರೆ ವಾಪಸ್ಸು ಓಡಿಸು, ಅನ್ನದ ತಪ್ಪಲೆ ಇದೆ ಎಂದೆ. ಅಷ್ಟರಲ್ಲಿ ಅವನ ಕಾಲಿಗೆ ತಂತಿ ತೊಡರಿತು. ಅವನು ಅದನ್ನು ಕೈಗೆತ್ತಿಕೊಂಡು ಕಂಬ ನೋಡಿದ, ಕೆಳಗೆ ಬಿದ್ದ ಕೊಕ್ಕೆ ನೋಡಿದ. ಅವನ ಮುಖದ ನಗು ಹೋಯಿತು.

ಬೀಗರು ಅರ್ಧ ಊಟದಲ್ಲಿ ಎಲೆ ಬಿಟ್ಟು ಎದ್ದಿದ್ದಾರೆ. ನಮ್ಮ ಕಡೆ ಅದಕ್ಕಿಂತ ದೊಡ್ಡ ಅಪಶಕುನ ಇಲ್ಲ. ಎದ್ದವರು ಮತ್ತೆ ಕೂರದೆ ಹೊರಟುಹೋದರೆ ಆ ಸಂಬಂಧ ಅಲ್ಲಿಗೆ ಮುಗಿಯಿತು ಎಂದೇ ಲೆಕ್ಕ. ಮಂಜುಳ ಚಪ್ಪರದ ಕಂಬ ಹಿಡಿದು ನಿಂತಿದ್ದಳು.

ಇದು ಯಾರದು ಎಂದು ಕೆಂಪಣ್ಣ ಕೇಳಿದ. ಗೌರಮ್ಮ ಎದ್ದು ನಿಂತಳು. ಓಡಿದ್ದಕ್ಕೆ ಇನ್ನೂ ಏದುಸಿರು ಬಿಡುತ್ತಿದ್ದಳು.

"ನಂದೇ ಅಂತ ಇಟ್ಕಳಿ ಬೀಗ್ರೆ," ಅಂದಳು. "ಆ ಕಡೆಯಿಂದ ನೀವ್ ಓಡಿಸ್ತೀರ, ಈ ಕಡೆಯಿಂದ ಈವಣ್ಣ ಓಡಿಸ್ತಾನೆ. ಮದ್ಯದಾಗೆ ನನ್ ರಾಗಿ. ಇವತ್ತು ಯಾರೂ ಓಡಿಸ್ಲಿಲ್ಲ, ಎಷ್ಟ್ ತಿಂದವೆ ಅಂತ ನೀವೇ ನೋಡಿದ್ರಲ್ಲ. ಇಷ್ಟ್ ವರ್ಸ ನನ್ ಹೊಲ ಹಾಳಾಗಿದ್ದು ಅವು ತಿಂದಲ್ಲ, ನೀವ್ ತುಳ್ಸಿ. ನೀವ್ ಪಟಾಕಿ ಬಿಡಿ, ನಾನು ತಂತಿ ಬಿಡ್ತೀನಿ. ಆಗಾಕಿಲ್ಲ ಅಂದ್ರೆ ನನ್ ಮಗಳ್ನ ಇಲ್ಲೇ ಬುಟ್ಟು ಹೋಗಿ."

ಕೆಂಪಣ್ಣ ತಂತಿ ಹಿಡಿದುಕೊಂಡು ಹೊಲದ ಅಂಚಿನ ಪಟ್ಟಿಯನ್ನೊಮ್ಮೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ನೀನೇನಂತೀಯ ಭಾವ?"

"ನಾನೇನನ್ಲಿ ಕಣ್ಲಾ, ನನ್ತಾವ ಪಟಾಕಿನೇ ಇಲ್ವಲ್ಲ."

ಯಾರೋ ಕಿಸಕ್ಕನೆ ನಕ್ಕರು. ಕೆಂಪಣ್ಣ ನಗಲಿಲ್ಲ. ತಂತಿಯನ್ನು ನಂಜಪ್ಪನ ಕೈಗೆ ಕೊಟ್ಟು, ಪೂರ್ತಿ ಸುತ್ತಿ ಭಾವನ ಬೈಕಿಗೆ ಕಟ್ಟು ಎಂದ. ದಿಬ್ಬ ಹತ್ತಿದ. ತೊಟ್ಟಿಯಲ್ಲಿ ಕೈ ಕಾಲು ತೊಳೆದ. ಎಲ್ಲರೂ ನೋಡುತ್ತಿದ್ದ ಹಾಗೆ ತಾನು ಬಿಟ್ಟೆದ್ದ ಅದೇ ಎಲೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತ.

"ಬೀಗ್ತಮ್ಮ, ಮುದ್ದೆ ಆರೋಗೈತೆ. ಬಿಸೀದು ತರ್ಸಿ."

ಗೌರಮ್ಮ ತಾನೇ ತಂದು ಹಾಕಿದಳು. ಸಾರು ಬಡಿಸುವಾಗ ಅರ್ಧ ಅವನ ಪಂಚೆಯ ಮೇಲೆ ಬಿತ್ತು. ಅವನು ಮುದ್ದೆ ಮುರಿಯುತ್ತಲೇ ಇದ್ದ. ಒಬ್ಬೊಬ್ಬರಾಗಿ ಎಲ್ಲರೂ ಬಂದು ಕೂತರು. ನಾನೂ ಕೂತೆ, ಅಂಥ ಮಟನ್ ಸಾರು ಮತ್ತೆ ತಿಂದಿಲ್ಲ.

ಕೇಸು ಹಾಕಿದೆಯೋ ಇಲ್ಲವೋ ಎಂದು ಕಾನೂನು ಓದಿದ ಹುಡುಗರು ಕೇಳುತ್ತಾರೆ. ತಂತಿ ಮತ್ತು ನಂಜಪ್ಪ ಇಬ್ಬರನ್ನೂ ಮಾರನೆಯ ದಿನ ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ ರೇಂಜರ್ ಸಾಹೇಬರ ಮುಂದೆ ನಿಲ್ಲಿಸಿದೆ, ನಡೆದದ್ದೆಲ್ಲ ಹೇಳಿದೆ. ಪಟಾಕಿ ಎಲ್ಲಿ ಹೋಯಿತು ಎಂಬುದನ್ನು ಮಾತ್ರ ಮೆಲುದನಿಯಲ್ಲಿ ಹೇಳಿದೆ. ಸಾಹೇಬರು ನಂಜಪ್ಪನಿಗೆ ತಮಿಳಿನಲ್ಲಿ ಬೆವರಿಳಿಯುವಂತೆ ಬೈದು, ಕೊನೆಗೆ ಅವನನ್ನು ಕಮಿಟಿಯಲ್ಲಿ ತಂತಿ ಪತ್ತೆ ಮಾಡುವ ಕೆಲಸಕ್ಕೆ ಹಾಕಿದರು. ಯಾವ ಹೊಲದಲ್ಲಿ ಯಾರು ಎಲ್ಲಿ ಕೊಕ್ಕೆ ಹಾಕುತ್ತಾರೆ ಎಂಬುದು ಅವನಷ್ಟು ಯಾರಿಗೂ ಗೊತ್ತಿರಲಿಲ್ಲ. ಮಾತಾಡದ ಮನುಷ್ಯ ಆ ಕೆಲಸದಲ್ಲಿ ಮಿಂಚಿಬಿಟ್ಟ.

ಗಡಿಯ ಎರಡೂ ಕಡೆಯ ಊರವರು ಗೌರಮ್ಮನ ಮನೆಯ ಜಗಲಿಯಲ್ಲೇ ಕೂತು ಮಾತಾಡಿಕೊಂಡರು. ಆ ದಾರಿಯಲ್ಲಿ ಹಿಂಡು ಇಳಿದರೆ ಯಾರೂ ಓಡಿಸಬಾರದು, ದನ ಕರು ಒಳಗೆ ಕಟ್ಟಬೇಕು, ಮನುಷ್ಯರು ಮನೆಯೊಳಗಿರಬೇಕು, ಹೊಲಕ್ಕೆ ಕರೆಂಟು ಬರಕೂಡದು. ಅಂಚಿನ ಪಟ್ಟಿಯಲ್ಲಿ ರಾಗಿಯ ಬದಲು ಹುಚ್ಚೆಳ್ಳು ಹಾಕುವುದು ಎಂದಾಯಿತು, ಅದಕ್ಕೆ ಆನೆ ಬಾಯಿ ಹಾಕುವುದು ಕಡಿಮೆ. ಮೇಲಿನವರನ್ನು ಒಪ್ಪಿಸಲು ರೇಂಜರ್ ಸಾಹೇಬರು ಬಹಳ ಒದ್ದಾಡಿದರು. ಏನೂ ಮಾಡದೆ ಇರುವುದಕ್ಕೆ ಅನುಮತಿ ಪಡೆಯುವುದು ಇಲಾಖೆಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ. ಆಮೇಲೆ ದೂರದಿಂದ ದೊಡ್ಡವರೆಲ್ಲ ನೋಡಲು ಬಂದರು. ಈ ವಿಧಾನ ಹೇಗೆ ಹೊಳೆಯಿತು ಎಂದು ಒಬ್ಬರು ನನ್ನನ್ನು ಕೇಳಿದರು. ಮಟನ್ ಬೇಯುವುದು ತಡವಾಯಿತು ಸಾರ್ ಎಂದೆ. ಅವರು ಅದನ್ನು ಸ್ಥಳೀಯ ಸಂಸ್ಕೃತಿ ಎಂದು ಬರೆದುಕೊಂಡರು.

ಎಲ್ಲ ಊರಿಗೂ ಇದೇ ಮದ್ದು ಎಂದು ನಾನು ಹೇಳುತ್ತಿಲ್ಲ. ಕೆಲವು ಕಡೆ ಇನ್ನೂ ಪಟಾಕಿ ಹೊಡೆಯುತ್ತಾರೆ, ಕೆಲವು ಕಡೆ ತಂತಿಯೂ ಇದೆ. ಆ ಒಂಟಿ ಸಲಗ ಯಾವ ಕಮಿಟಿಯ ಮಾತನ್ನೂ ಕೇಳುವುದಿಲ್ಲ. ನನಗೂ ಒಳಗೊಳಗೆ ಅನುಮಾನವಿತ್ತು. ಮದುವೆ ಮನೆಯ ಬಿಸಿಯಲ್ಲಿ ಆಡಿದ ಮಾತು, ಮುಂದಿನ ಸುಗ್ಗಿಗೆ ತೆನೆ ತೂಗುವಾಗ ಗೌರಮ್ಮ ನಿಲ್ಲುತ್ತಾಳೋ ಇಲ್ಲವೋ ಎಂದು.

ಆ ಸುಗ್ಗಿ ಬಂತು, ನನ್ನ ಸರ್ವಿಸಿನ ಕೊನೆಯ ಸುಗ್ಗಿ. ಒಂದು ಸಂಜೆ ಡ್ಯೂಟಿ ಮುಗಿಸಿ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಬೂಟು ಬಿಚ್ಚಿ ಕೂತಿದ್ದೆ. ಫೋನು ಬಂತು, ಗೌರಮ್ಮನ ನಂಬರು. ಆ ಹೊತ್ತಿನಲ್ಲಿ ನನ್ನ ಜೀವಮಾನವಿಡೀ ಬಂದ ಫೋನೆಲ್ಲ ಒಂದೇ ಮಾತಿನವು. ಬೇಗ ಬನ್ನಿ, ಜನ ಕರ್ಕೊಂಡು ಬನ್ನಿ, ಎಲ್ಲಿ ಸತ್ತಿದ್ದೀರ, ಎಂದು. ಆದ್ದರಿಂದ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಒಂದು ಬೂಟಿಗೆ ಆಗಲೇ ಕಾಲು ತೂರಿಸಿದ್ದೆ.

"ಅಣ್ಣ, ಬಂದವೆ," ಅಂದಳು ಗೌರಮ್ಮ, ಪಿಸುಮಾತಿನಲ್ಲಿ. "ಹೊಲದಾಗವೆ. ನಿಮ್ಮೋರ್ಗೆಲ್ಲ ಹೇಳ್ಬುಡು. ಯಾರೂ ಬರಬ್ಯಾಡಿ."

ನಾನು ಬೂಟಿನಿಂದ ಕಾಲು ಹೊರಗೆ ತೆಗೆದೆ.